ರೈಶಿ ಅಣಬೆಯಿಂದ ಸಂಧಿವಾತ ತಗ್ಗುತ್ತದೆಯೇ?

ರುಮಟಾಯ್ಡ್ ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಿರುವ ನಿಮ್ಮ ತಾಯಿಗೆ ರೈಶಿ ಅಣಬೆಯ ಪುಡಿ ಕೊಡಬಹುದೇ ಎಂದು ಕೇಳಿದ್ದೀರಿ. ಮಾತ್ರೆಯ ಬದಲಿಗೆ ಖಂಡಿತ ಬೇಡ. ಜೊತೆಗೆ ಕೊಡುವುದಾದರೂ ವೈದ್ಯರನ್ನು ಕೇಳದೆ ಬೇಡ.

ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ಕೋಶಗಳು ಕೀಲಿನ ಒಳಪೊರೆಯ ಮೇಲೇ ತಿರುಗಿಬೀಳುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನುಗಳು ಉರಿಯೂತ ಆರಲು ಬಿಡುವುದಿಲ್ಲ. ರೈಶಿಯಲ್ಲಿರುವ ಟ್ರೈಟರ್ಪೀನ್ ಎಂಬ ರಾಸಾಯನಿಕಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಇಂಥ ಪ್ರೋಟೀನುಗಳ ಉತ್ಪತ್ತಿಯನ್ನು ತಗ್ಗಿಸಿವೆ. ಜಾಹೀರಾತುಗಳು ಇಷ್ಟನ್ನೇ ಹೇಳಿ ನಿಲ್ಲಿಸುತ್ತವೆ. ಅದೇ ಅಣಬೆಯಲ್ಲಿರುವ ಬೀಟಾ-ಗ್ಲೂಕಾನ್ ಎಂಬ ಶರ್ಕರ ಸರಪಳಿ ಬೇರೆಯೇ ದಾರಿ ಹಿಡಿಯುತ್ತದೆ: ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳ ಮೇಲಿನ ಡೆಕ್ಟಿನ್-1 ಗ್ರಾಹಕಕ್ಕೆ ಅಂಟಿಕೊಂಡು ಅವನ್ನು ಕೆರಳಿಸುತ್ತದೆ. 2005ರಲ್ಲಿ ಜಪಾನಿನ ವಿಜ್ಞಾನಿಗಳು, ಹುಟ್ಟಿನಿಂದಲೇ ಸಂಧಿವಾತದ ಒಲವಿದ್ದ ಎಸ್‌ಕೆಜಿ ಇಲಿಗಳಿಗೆ ಶಿಲೀಂಧ್ರದ ಬೀಟಾ-ಗ್ಲೂಕಾನ್ ಚುಚ್ಚಿದಾಗ ರೋಗವೇ ಶುರುವಾಯಿತು. ಚುಚ್ಚುವುದಕ್ಕೂ ತಿನ್ನುವುದಕ್ಕೂ ವ್ಯತ್ಯಾಸವಿದೆ, ನಿಜ. ಆದರೂ ‘ಇಮ್ಯೂನಿಟಿ ಹೆಚ್ಚಿಸುತ್ತದೆ’ ಎಂಬ ಮಾತು ಈ ರೋಗಿಗಳು ನೆಚ್ಚಿಕೊಳ್ಳುವಂಥದ್ದಲ್ಲ.

ಮನುಷ್ಯರಲ್ಲಿ? ಹಾಂಗ್‌ಕಾಂಗ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೋಗಿಗಳಿಗೆ 24 ವಾರ ರೈಶಿಯನ್ನು ಇನ್ನೊಂದು ಚೀನೀ ಮೂಲಿಕೆ ಮಿಶ್ರಣದೊಂದಿಗೆ ಕೊಟ್ಟರು. ನೋವು ಒಂದಿಷ್ಟು ತಗ್ಗಿತು. ಉರಿಯೂತದ ಮೇಲೆ ಗಣನೀಯ ಪರಿಣಾಮ ಕಾಣಲಿಲ್ಲ.

ನನಗೆ ಹೆಚ್ಚು ಚಿಂತೆಯಾಗುವುದು ಲಿವರ್ ಬಗ್ಗೆ. ರೈಶಿ ಪುಡಿಯಿಂದ ಲಿವರ್‌ಗೆ ಹಾನಿಯಾದ ವರದಿಗಳಿವೆ, ಮೆಥೋಟ್ರೆಕ್ಸೇಟ್ ಕೂಡ ಅದರ ಮೇಲೆ ಹೊರೆ ಹಾಕುತ್ತದೆ. ಈಗಾಗಲೇ ಶುರುಮಾಡಿದ್ದರೆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ರುಮಟಾಲಜಿಸ್ಟ್‌ಗೆ (ಸಂಧಿವಾತ ತಜ್ಞರಿಗೆ) ತೋರಿಸಿ, ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಮಾಡಿಸಿ.