ಲಕ್ಷ ಜನ ಸೇರಿದರೂ ಒಕ್ಕೂಟ ಬಿಡೋದ್ಯಾಕೆ?

ಮೈದಾನದ ಮಾತು: ಓದುಗರ ಪ್ರಶ್ನೆ, ಬಳ್ಳಾರಿಯ ಪಿ.ಟಿ. ಮಾಸ್ತರ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ನನ್ನ ಮಗ ಅಮೆರಿಕದ ಕೊಲಂಬಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅವನ ಯೂನಿವರ್ಸಿಟಿಯ ಫುಟ್‌ಬಾಲ್ ಮ್ಯಾಚಿಗೆ ಲಕ್ಷ ಜನ ಬರುತ್ತಾರಂತೆ. ವಿಡಿಯೊ ಕಳಿಸಿದ್ದ, ನೋಡಿ ದಂಗಾದೆ. ಅಲ್ಲಿ ಕಾಲೇಜುಗಳು ಒಂದು ಒಕ್ಕೂಟ (ತಮ್ಮೊಳಗೇ ಮ್ಯಾಚ್ ಆಡುವ ಕಾಲೇಜುಗಳ ಗುಂಪು) ಬಿಟ್ಟು ಇನ್ನೊಂದಕ್ಕೆ ಹಾರುತ್ತಿವೆ, ಈಗ ಕ್ಯಾಲಿಫೋರ್ನಿಯಾದ ತಂಡವೂ ನಮ್ಮ ಗುಂಪಿನಲ್ಲೇ ಇದೆ ಅಂತಾನೆ. ಇಷ್ಟು ಜನ ಬರುವಾಗ ಒಕ್ಕೂಟ ಯಾಕೆ ಬದಲಿಸಬೇಕು? ಜಾಸ್ತಿ ಜನ ಬರುವ ಕಾಲೇಜನ್ನೇ ಆರಿಸಿ ಸೇರಿಸಿಕೊಳ್ಳುತ್ತಾರಾ?
(ಒಬ್ಬ ತಾಯಿ, ರಾಯಚೂರು)

ಅಕ್ಕಾವ್ರೆ, ಮಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಕೊಲಂಬಸ್‌ನ ಓಹಿಯೊ ಸ್ಟೇಟ್ ಯೂನಿವರ್ಸಿಟಿಯ ಓಹಿಯೊ ಸ್ಟೇಡಿಯಂನಲ್ಲಿ 1,02,000ಕ್ಕೂ ಜಾಸ್ತಿ ಸೀಟುಗಳಿವೆ. ಪಕ್ಕದ ಮಿಚಿಗನ್‌ನ ಆನ್ ಆರ್ಬರ್‌ನಲ್ಲಿ 1,07,601. ಪೆನ್ ಸ್ಟೇಟ್, ಟೆನೆಸಿ, ಟೆಕ್ಸಸ್ ಎ ಅಂಡ್ ಎಂ ಕೂಡ ಲಕ್ಷದ ಮೇಲಿನವು. ಇದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ನೆಬ್ರಾಸ್ಕದ ಲಿಂಕನ್‌ನಲ್ಲಿ 1962ರಿಂದ ಇಲ್ಲಿಯತನಕ ಪ್ರತಿ ಮ್ಯಾಚಿನ ಟಿಕೆಟೂ ಖಾಲಿ. 2023ರ ಆಗಸ್ಟ್‌ನಲ್ಲಿ ಅದೇ ಮೈದಾನದ ನಡುವೆ ನೆಟ್ ಕಟ್ಟಿ ಹುಡುಗಿಯರ ವಾಲಿಬಾಲ್ ಆಡಿಸಿದರು. ಅದಕ್ಕೆ 92,003 ಜನ! ಜೀವನಪೂರ್ತಿ ವಾಲಿಬಾಲ್ ಕಲಿಸಿದ ನನಗೆ ಹೊಟ್ಟೆ ಉರಿಯದೆ ಇರುತ್ತಾ?

ಈಗ ನಿಮ್ಮ ಪ್ರಶ್ನೆಗೆ ಬರೋಣ. ಜನ ಬಂದರೆ ಕಾಲೇಜಿಗೆ ಹೆಸರು, ದುಡ್ಡು ಎರಡೂ ಬರುತ್ತವೆ. ಆದರೆ ಯಾರು ಯಾವ ಒಕ್ಕೂಟಕ್ಕೆ ಹೋಗಬೇಕು ಅನ್ನೋದನ್ನು ಗೇಟು ತೀರ್ಮಾನಿಸುವುದಿಲ್ಲ, ಟಿವಿ ತೀರ್ಮಾನಿಸುತ್ತದೆ. ಇದಕ್ಕೆ ಒಂದು ಹಳೇ ಕಥೆ ಇದೆ.

1950ರ ಸುಮಾರಿಗೆ ಅಮೆರಿಕದ ಮನೆಗಳಿಗೆ ಟಿವಿ ಬಂತು. ಮನೆಯಲ್ಲೇ ಆಟ ಕಂಡರೆ ಮೈದಾನಕ್ಕೆ ಯಾರು ಬರುತ್ತಾರೆ ಅಂತ ಕಾಲೇಜುಗಳಿಗೆ ಹೆದರಿಕೆ ಹುಟ್ಟಿತು. ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಎನ್‌ಸಿಎಎ 1951ರಿಂದ ಕಡಿವಾಣ ಹಾಕಿತು. ವಾರಕ್ಕೆ ಬೆರಳೆಣಿಕೆಯ ಮ್ಯಾಚ್ ಮಾತ್ರ ಟಿವಿಯಲ್ಲಿ. ಯಾವ ಕಾಲೇಜು ಎಷ್ಟು ಸಲ ಕಾಣಿಸಿಕೊಳ್ಳಬೇಕು ಅನ್ನೋದಕ್ಕೂ ಲೆಕ್ಕ. ಎಲ್ಲಾ ಗೇಟಿನ ಟಿಕೆಟ್ ದುಡ್ಡು ಕಾಯೋದಕ್ಕೆ. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದರ ವಿರುದ್ಧ ಕೋರ್ಟಿಗೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಆ ಕಡಿವಾಣ ಕಿತ್ತುಹಾಕಿತು. ಅಂದಿನಿಂದ ಆಟ ಮಾರುವ ಹಕ್ಕು ಕಾಲೇಜುಗಳ ಕೈಗೆ, ಅವರಿಂದ ಅವರವರ ಒಕ್ಕೂಟಗಳ ಕೈಗೆ ಹೋಯಿತು. ತಮಾಷೆ ನೋಡಿ, ಕೇಸು ಹಾಕಿದ ಆ ಎರಡೂ ಕಾಲೇಜುಗಳು ಸರಿಯಾಗಿ 40 ವರ್ಷದ ಮೇಲೆ, 2024ರಲ್ಲಿ, ಒಂದೇ ಒಕ್ಕೂಟದಲ್ಲಿ ಕೂತವು. ಜಾರ್ಜಿಯಾ ಮೊದಲಿಂದಲೂ ಎಸ್‌ಇಸಿ ಅನ್ನೋ ದಕ್ಷಿಣದ ರಾಜ್ಯಗಳ ಒಕ್ಕೂಟದಲ್ಲಿತ್ತು. ಒಕ್ಲಹೋಮ ತನ್ನ ಹಳೇ ಗುಂಪು ಬಿಟ್ಟು, ಟೆಕ್ಸಸ್ ಜೊತೆ, ಅಲ್ಲಿಗೆ ಬಂತು.

ಒಕ್ಕೂಟದ ಒಳಗಿನ ಲೆಕ್ಕ ಹೀಗೆ. ಟಿಕೆಟ್ ದುಡ್ಡು, ಪಾರ್ಕಿಂಗ್ ದುಡ್ಡು, ಒಳ್ಳೇ ಸೀಟಿಗಾಗಿ ಹಳೇ ವಿದ್ಯಾರ್ಥಿಗಳು ಕೊಡುವ ದೇಣಿಗೆ, ಇದೆಲ್ಲ ಹೆಚ್ಚೂಕಡಿಮೆ ಆಯಾ ಕಾಲೇಜಿನದೇ. ಟಿವಿ ದುಡ್ಡು ಮಾತ್ರ ಎಲ್ಲರ ನಡುವೆ ಹಂಚಿಕೆ. ನಿಮ್ಮ ಮಗನ ತಂಡ ಇರುವ ಬಿಗ್ ಟೆನ್ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಏಳು ವರ್ಷದ ಒಪ್ಪಂದ ಮಾಡಿಕೊಂಡಿತು. ಮೊತ್ತ 700 ಕೋಟಿ ಡಾಲರ್‌ಗೂ ಮೇಲೆ. ಹಾಗಿರುವಾಗ ಹೊಸಬರು ಬರಬೇಕಾದರೆ, ತಾವು ತಿನ್ನುವ ಪಾಲಿಗಿಂತ ಜಾಸ್ತಿ ದುಡಿದು ತರಬೇಕು. ಇಲ್ಲದಿದ್ದರೆ ಒಳಗಿದ್ದವರು ಒಪ್ಪುತ್ತಾರಾ?

ಅದಕ್ಕೇ 2014ರಲ್ಲಿ ರಟ್ಗರ್ಸ್ ಒಳಗೆ ಬಂತು. ಸ್ಟೇಡಿಯಂ 52 ಸಾವಿರ ಸೀಟಿನದು, ಬಿಗ್ ಟೆನ್ ಲೆಕ್ಕದಲ್ಲಿ ಚಿಕ್ಕದು. ಆದರೆ ಊರು ನ್ಯೂಜೆರ್ಸಿ, ನ್ಯೂಯಾರ್ಕಿನ ಮಗ್ಗುಲು. ಬಿಗ್ ಟೆನ್ 2007ರಲ್ಲೇ ತನ್ನದೇ ಚಾನೆಲ್ ಶುರು ಮಾಡಿತ್ತು. ಆ ಭಾಗದ ಕೇಬಲ್ ಪ್ಯಾಕೇಜಿನಲ್ಲಿ ಚಾನೆಲ್ ಸೇರಿದರೆ ಸಾಕು, ಮನೆಮನೆಯಿಂದ ದುಡ್ಡು. ನಮ್ಮ ಓಣಿಯ ಕೇಬಲ್‌ನವನು ನಾವು ತಿರುಗಿಯೂ ನೋಡದ ಚಾನೆಲ್‌ಗಳಿಗೆ ತಿಂಗಳಾ ಬಿಲ್ ಎತ್ತುತ್ತಿದ್ದನಲ್ಲ, ಅದೇ ಕಥೆ. ಲಾಸ್ ಏಂಜಲೀಸ್‌ನ ಯುಸಿಎಲ್‌ಎಯದೂ ಹೀಗೇ. ಅವರು ಆಡುವ ರೋಸ್ ಬೌಲ್ ಇರೋದು ಕಾಲೇಜಿನಿಂದ ಸುಮಾರು 40 ಕಿಲೋಮೀಟರ್ ದೂರದ ಪಸಡೀನಾದಲ್ಲಿ. ಆ ಟ್ರಾಫಿಕ್ ದಾಟಿ ಹುಡುಗರು ಹೋಗೋದು ಕಷ್ಟ, ಎಷ್ಟೋ ಮ್ಯಾಚಿಗೆ ಅರ್ಧ ಸ್ಟೇಡಿಯಂ ಖಾಲಿ. ಆದರೂ 2022ರಲ್ಲಿ ಅವರನ್ನೂ ಅದೇ ಊರಿನ ಇನ್ನೊಂದು ಯೂನಿವರ್ಸಿಟಿ ಯುಎಸ್‌ಸಿಯನ್ನೂ ಬಿಗ್ ಟೆನ್ ಕರೆಯಿತು, 2024ರಲ್ಲಿ ಸೇರಿಸಿಕೊಂಡಿತು. ನಿಮ್ಮ ಮಗ ಹೇಳಿದ ಕ್ಯಾಲಿಫೋರ್ನಿಯಾದ ತಂಡಗಳು ಇವೇ.

ಹಾಗಾದರೆ ಜನ ಬರೋದಕ್ಕೆ ಬೆಲೆಯೇ ಇಲ್ವಾ? ಇದೆ, ಆದರೆ ಸುತ್ತು ಬಳಸಿ. ಟೆಕ್ಸಸ್, ಒಕ್ಲಹೋಮ, ನೆಬ್ರಾಸ್ಕ ಇವರನ್ನೆಲ್ಲ ಕೈ ಹಿಡಿದು ಕರೆದುಕೊಂಡರಲ್ಲ, ಅಲ್ಲಿ ತಲೆಮಾರುಗಳಿಂದ ಸ್ಟೇಡಿಯಂ ತುಂಬುತ್ತಿದೆ. ಹಾಗೆ ತುಂಬಿದ್ದಕ್ಕೇ ದೇಶದ ಮೂಲೆಮೂಲೆಯಲ್ಲಿ ಅವರ ಅಭಿಮಾನಿಗಳು ಹುಟ್ಟಿದರು, ಟಿವಿ ಹಾಕಿ ಕೂತರು. ಲಕ್ಷ ಜನರ ಕೂಗಿಲ್ಲದ ಮ್ಯಾಚು ಟಿವಿಯಲ್ಲೂ ಸಪ್ಪೆ. ಚಾನೆಲ್‌ನವರಿಗೆ ಅದು ಚೆನ್ನಾಗಿ ಗೊತ್ತು. ಆದರೆ ಅವರು ಕೊಳ್ಳೋದು ಕೂಗನ್ನು, ಕೂಗುವವನನ್ನಲ್ಲ.

ನನಗೆ ಬೇಜಾರಾಗೋದು ಆರೆಗನ್ ಸ್ಟೇಟ್ ವಿಷಯದಲ್ಲಿ. ಕಾರ್ವಾಲಿಸ್ ಅನ್ನೋ ಸಣ್ಣ ಊರು. ಸುಮಾರು 16 ಕೋಟಿ ಡಾಲರ್ ಸುರಿದು ಸ್ಟೇಡಿಯಂನ ಒಂದು ಬದಿ ಪೂರ್ತಿ ಕೆಡವಿ ಹೊಸದಾಗಿ ಕಟ್ಟಿದರು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಮೊದಲ ಮ್ಯಾಚ್. ಅದಕ್ಕೆ ಒಂದು ತಿಂಗಳ ಹಿಂದೆಯೇ ಅವರ ಒಕ್ಕೂಟ ಪ್ಯಾಕ್-12 ಕುಸಿದು ಬಿದ್ದಿತ್ತು. ಆ್ಯಪಲ್ ಕಂಪನಿ ಮುಂದಿಟ್ಟ ಒಪ್ಪಂದದಲ್ಲಿ ದುಡ್ಡು ಚಂದಾದಾರರ ಸಂಖ್ಯೆಯ ಮೇಲೆ ನಿಂತಿತ್ತು, ಅದನ್ನು ನಂಬಿ ಕೂರಲು ದೊಡ್ಡವರು ತಯಾರಿರಲಿಲ್ಲ. ಆರೆಗನ್, ವಾಷಿಂಗ್ಟನ್ ತಂಡಗಳು ಬಿಗ್ ಟೆನ್‌ಗೆ ಓಡಿದವು. ಅದೂ ಸುಮಾರು ಅರ್ಧ ಪಾಲಿಗೆ ಒಪ್ಪಿಕೊಂಡು! ನಾಲ್ಕು ತಂಡ ಬಿಗ್ 12 ಅನ್ನೋ ಇನ್ನೊಂದು ಒಕ್ಕೂಟದ ಕಡೆ ಹೋದವು. ಪೆಸಿಫಿಕ್ ದಂಡೆಯ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲ್ (ಬರ್ಕ್ಲಿಯ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ), ದೇಶದ ಆ ತುದಿಯ ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟ ಸೇರಿದವು. ಹನ್ನೆರಡರಲ್ಲಿ ಉಳಿದದ್ದು ಎರಡೇ: ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್. ವಾಷಿಂಗ್ಟನ್ ಸ್ಟೇಟ್ ಇರುವ ಪುಲ್‌ಮನ್ ಊರಿನ ಜನಸಂಖ್ಯೆ 30 ಸಾವಿರದ ಆಸುಪಾಸು, ಸ್ಟೇಡಿಯಂ ಸೀಟುಗಳೂ ಹೆಚ್ಚುಕಡಿಮೆ ಅಷ್ಟೇ. ಇಂಥ ಊರಿನವರಿಗೆ ‘ಜನ ಬರಲಿಲ್ಲ’ ಅಂತ ಯಾವ ಬಾಯಲ್ಲಿ ಹೇಳೋದು? ಬಂದ ಜನ ಬಂದೇ ಬಂದರು. ಟಿವಿ ಲೆಕ್ಕಕ್ಕೆ ಊರು ಚಿಕ್ಕದಾಯಿತು, ಅಷ್ಟೇ. ಬೇರೆ ಕಾಲೇಜುಗಳನ್ನು ಕೂಡಿಸಿಕೊಂಡು 2026ರಿಂದ ಪ್ಯಾಕ್-12 ಮತ್ತೆ ಕಟ್ಟೋದಕ್ಕೆ ಈ ಇಬ್ಬರೇ ಹೊರಟರು ಅನ್ನೋದು ಸ್ವಲ್ಪ ಸಮಾಧಾನ.

ಪ್ರಶ್ನೆ: ಯೂಟ್ಯೂಬಿನಲ್ಲಿ ಅಮೆರಿಕದ ಕಾಲೇಜು ಮ್ಯಾಚ್ ನೋಡುತ್ತೇನೆ. ಸ್ಟ್ಯಾಂಡ್ ಅರ್ಧ ಖಾಲಿ ಕಾಣುತ್ತದೆ, ಕೆಳಗೆ ದೊಡ್ಡ ಸಂಖ್ಯೆ ಹಾಕಿರುತ್ತಾರೆ. ಸುಮ್ನೆ ಬೊಗಳೆನಾ ಸರ್?
(ಡಿಗ್ರಿ ವಿದ್ಯಾರ್ಥಿ, ಗಂಗಾವತಿ)

ಬೊಗಳೆ ಅನ್ನೋಕಾಗಲ್ಲ ತಮ್ಮಾ, ಜಾಣತನ ಅನ್ನು. ಬಹಳ ಕಡೆ ಹೇಳೋದು ಮಾರಾಟವಾದ, ಪುಕ್ಕಟೆ ಹಂಚಿದ ಟಿಕೆಟ್ಟಿನ ಸಂಖ್ಯೆ. ಗೇಟಿನಲ್ಲಿ ಸ್ಕ್ಯಾನ್ ಆದವು ಅದಕ್ಕಿಂತ ಕಡಿಮೆ. ಮೊದಲ ದರ್ಜೆಯಲ್ಲಿ ಉಳಿಯಬೇಕಾದರೆ ಸರಾಸರಿ 15,000 ಜನ ಬರಬೇಕು ಅಂತ ಎನ್‌ಸಿಎಎ ನಿಯಮವೇ ಇತ್ತು. ಹಾಗಿದ್ದಾಗ ಸಣ್ಣ ಕಾಲೇಜುಗಳು ಸಂಖ್ಯೆ ಉಬ್ಬಿಸದೆ ಇರುತ್ತವಾ? ಆ ನಿಯಮವನ್ನು ಈಚೆಗೆ ಕೈಬಿಟ್ಟರು. ಇನ್ನು ದೊಡ್ಡವರ ತಲೆನೋವು ಬೇರೆ. ಅಲಬಾಮದಲ್ಲಿ ತಂಡ ಗೆಲ್ಲುತ್ತಿದ್ದರೂ ವಿದ್ಯಾರ್ಥಿಗಳು ಅರ್ಧಕ್ಕೇ ಎದ್ದು ಹೋಗುತ್ತಿದ್ದರು. 2019ರಲ್ಲಿ ಮೊಬೈಲ್ ಆ್ಯಪ್ ತಂದರು. ಕೊನೆತನಕ ಕೂತವರಿಗೆ ಪಾಯಿಂಟ್, ಪಾಯಿಂಟ್ ಜಾಸ್ತಿ ಇದ್ದವರಿಗೆ ದೊಡ್ಡ ಮ್ಯಾಚಿನ ಟಿಕೆಟ್. ಹಾಜರಿ ಪುಸ್ತಕ ಹಿಡಿದು ಓಡಾಡಿದ ನನಗೆ ಇದು ಹೊಸದೇನಲ್ಲ ಬಿಡು.

ಪ್ರಶ್ನೆ: ನಮ್ಮಲ್ಲೂ ಯೂನಿವರ್ಸಿಟಿಗಳು ಒಡೆದು ಬೇರೆಯಾದವು. ಇದೂ ಹಾಗೇನಾ?
(ಬಿ.ಪಿ.ಎಡ್. ವಿದ್ಯಾರ್ಥಿನಿ, ಸಿರುಗುಪ್ಪ)

ಅಲ್ಲಮ್ಮಾ, ನಮ್ಮದು ಸರ್ಕಾರಿ ಆದೇಶ. ಮೊದಲು ಬಳ್ಳಾರಿ, ರಾಯಚೂರು, ಬೀದರ್ ಎಲ್ಲಾ ಗುಲ್ಬರ್ಗ ವಿಶ್ವವಿದ್ಯಾಲಯದ ಕೆಳಗೆ. 2010ರಲ್ಲಿ ನಮಗೆ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು, 2023ರಲ್ಲಿ ಕೊಪ್ಪಳ ಬೇರೆಯಾಯಿತು. ಯಾವ ಕಾಲೇಜಿನ ಆಟಕ್ಕೆ ಎಷ್ಟು ಜನ ಸೇರುತ್ತಾರೆ ಅಂತ ಯಾರೂ ಕೇಳಲಿಲ್ಲ.

ಜನ ಸೇರುತ್ತಿರಲಿಲ್ಲ ಅಂತಲ್ಲ. ಅಂತರ ಕಾಲೇಜು ವಾಲಿಬಾಲ್ ಫೈನಲ್ ನೆನಪಿದೆ. ಬೆಳಿಗ್ಗೆ ಹುಡುಗರೇ ಹಗ್ಗ ಎಳೆದು ಸುಣ್ಣದ ಗೆರೆ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಗೆರೆಯ ಮೇಲೇ ಜನ ಕೂತಿದ್ದರು. ಸರ್ವಿಸ್ ಮಾಡುವ ಹುಡುಗ ಹಿಂದೆ ಸರಿಯಬೇಕಾದರೆ ಇಬ್ಬರು ಮೊಣಕಾಲು ಮಡಿಸಿ ಜಾಗ ಕೊಡಬೇಕು. ಕಾಂಪೌಂಡ್ ಗೋಡೆ ತುಂಬಾ ಜನ, ಗೋಡೆಯಾಚೆ ಒಗ್ಗರಣಿ-ಮಿರ್ಚಿ ಬಂಡಿಯವನಿಗೆ ಕೈಬಿಡುವಿಲ್ಲ. ಗೇಟಿಗೆ ಟಿಕೆಟ್ ಇಲ್ಲ, ಹಾಗಾಗಿ ಅಂದು ದುಡ್ಡು ಕಂಡವನು ಅವನೊಬ್ಬನೇ. ಈಗ ನಮ್ಮ ಭಾಗದಲ್ಲಿ ಆಟಕ್ಕೆ ದೊಡ್ಡ ದುಡ್ಡು ಅಂದರೆ ತೋರಣಗಲ್ಲಿನಲ್ಲಿ 2018ರಲ್ಲಿ ಶುರುವಾದ ಕ್ರೀಡಾ ತರಬೇತಿ ಕೇಂದ್ರ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್. ಅದು ಉಕ್ಕಿನ ಕಂಪನಿಯ ದುಡ್ಡು, ಪ್ರೇಕ್ಷಕನದಲ್ಲ. ಒಳ್ಳೇದೇ. ಆದರೆ ನಿನ್ನ ಕಾಲೇಜು ಫೈನಲ್‌ಗೆ ಬಂದರೆ, ಗೋಡೆ ಹತ್ತುವ ಜನರನ್ನು ಓಡಿಸಬೇಡ.

ಪ್ರಶ್ನೆ: ಮಗನ ತಂಡದ ಆಟ ನಮ್ಮ ಟೈಮಿನಲ್ಲಿ ಎಷ್ಟು ಗಂಟೆಗೆ ಅಂತಲೂ ತಿಳಿಸಿ.
(ಅದೇ ತಾಯಿ, ರಾಯಚೂರು)

ಶನಿವಾರ ಅಲ್ಲಿ ಮಧ್ಯಾಹ್ನ 12ಕ್ಕೆ ಶುರುವಾದರೆ ನಮ್ಮಲ್ಲಿ ರಾತ್ರಿ 9:30. ನವೆಂಬರ್ ಮೊದಲ ವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ 10:30. ಲಾಸ್ ಏಂಜಲೀಸ್ ಕಡೆ ಸಂಜೆ ಮ್ಯಾಚ್ ಇದ್ದರೆ ನಮಗೆ ಭಾನುವಾರ ಬೆಳಿಗ್ಗೆ. ಎಷ್ಟೋ ಮ್ಯಾಚಿನ ಹೊತ್ತನ್ನು ಚಾನೆಲ್‌ನವರು 12 ದಿನ ಮೊದಲು, ಕೆಲವು ಸಲ ಬರೀ 6 ದಿನ ಮೊದಲು ಗೊತ್ತು ಮಾಡುತ್ತಾರೆ. ದೂರದೂರಿಂದ ಕಾರಿನಲ್ಲಿ ಬರುವ ಜನ ಇದಕ್ಕೇ ಬೈಯೋದು. ಹಾಗಾಗಿ ಮಗನನ್ನು ಆ ವಾರ ಸೋಮವಾರ ಕೇಳಿ, ಅದಕ್ಕೂ ಮೊದಲು ಕೇಳಿದರೆ ಅವನಿಗೂ ಗೊತ್ತಿರಲಿಕ್ಕಿಲ್ಲ.