ಮನೆಯಲ್ಲೇ ಸಾಣೆಕಲ್ಲಿನಿಂದ ಚಾಕು ಮಸೆಯುವುದು ಹೇಗೆ?

ಸಾಣೆ ಹಿಡಿಯುವವರು ಈಗ ನಿಮ್ಮ ರಾಯಚೂರಿನ ಬಡಾವಣೆಗೆ ಬರುವುದಿಲ್ಲ, ಯಾವ ಕಲ್ಲು ಕೊಳ್ಳಲಿ ಎಂದು ಕೇಳಿದ್ದೀರಿ. 1000 ಗ್ರಿಟ್‌ನ ಒಂದು ಕಲ್ಲು ಸಾಕು (ಗ್ರಿಟ್ ಎಂದರೆ ಕಲ್ಲಿನ ಕಣಗಳ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಅಲಗು ಚಕ್ಕೆ ಎದ್ದಿದ್ದರೆ ಮಾತ್ರ 400ರದ್ದು ಬೇಕು. ಸಾಮಾನ್ಯ ಸ್ಟೀಲ್ ಚಾಕುವಿಗೆ 6000, 8000 ಎಂದು ಹಣ ಸುರಿಯುವುದು ಶೋಕಿಯಷ್ಟೇ. ಮನೆಯ ಕಲ್ಲಿನ ಮೆಟ್ಟಿಲಿಗೆ ಉಜ್ಜುವುದು ಕುಡುಗೋಲಿಗೆ ಸರಿ, ತೆಳು ಅಲಗಿಗೆ ಅಲ್ಲ.

ಕಲ್ಲನ್ನು ಒದ್ದೆ ಬಟ್ಟೆಯ ಮೇಲಿಟ್ಟು ಜಾರದಂತೆ ಮಾಡಿ, ನೀರು ಚಿಮುಕಿಸಿ. ನಮ್ಮ ಬೇಸಿಗೆಯಲ್ಲಿ ಅದು ಬೇಗ ಆರುತ್ತದೆ, ಚೊಂಬು ಪಕ್ಕದಲ್ಲೇ ಇರಲಿ. ಮಸೆಯುವಾಗ ಏಳುವ ಕೆಸರನ್ನು ತೊಳೆಯಬೇಡಿ, ಕೆಲಸ ಮಾಡುವುದೇ ಅದು.

ಕಷ್ಟವಿರುವುದು ಅಲಗನ್ನು ಕಲ್ಲಿಗೆ ಹಿಡಿಯುವ ಕೋನದಲ್ಲಿ. 15ರಿಂದ 20 ಡಿಗ್ರಿ ಇರಬೇಕು. ಅಲಗು 4 ಸೆಂ.ಮೀ. ಅಗಲವಿದ್ದರೆ ಅದರ ಬೆನ್ನು ಕಲ್ಲಿನಿಂದ 1 ಸೆಂ.ಮೀ.ಗಿಂತ ತುಸು ಮೇಲಿರಲಿ. ಎಷ್ಟು ಸಲ ಉಜ್ಜಬೇಕೆಂದು ಎಣಿಸಬೇಡಿ. ಒಂದೇ ಬದಿಯನ್ನು ಮಸೆಯುತ್ತಾ ಹೋದರೆ ಎದುರು ಬದಿಯ ಅಂಚಿನಲ್ಲಿ ಸಣ್ಣ ತರಿ, ಅಂದರೆ ಬೆರಳಿಗೆ ಒರಟಾಗಿ ತಗಲುವ ಲೋಹದ ಏಣು, ಏಳುತ್ತದೆ. ಆ ಎದುರು ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಹೊರಕ್ಕೆ ಸವರಿ ನೋಡಿ, ಅಂಚಿನುದ್ದಕ್ಕೆ ಎಂದೂ ಸವರಬೇಡಿ. ಹಿಡಿಯಿಂದ ತುದಿಯವರೆಗೆ ತರಿ ಸಿಕ್ಕ ಮೇಲೆಯೇ ಮಗ್ಗುಲು ಬದಲಿಸಬೇಕು. ಹೊಸಬರು ಇಲ್ಲಿಯೇ ಅವಸರ ಮಾಡಿ, ಕಲ್ಲು ಸರಿಯಿಲ್ಲ ಎನ್ನುತ್ತಾರೆ. ಕೊನೆಗೆ ಒತ್ತಡ ತಗ್ಗಿಸಿ, ಎರಡೂ ಬದಿಗಳನ್ನು ಒಂದಾದ ಮೇಲೊಂದರಂತೆ ಹಗುರವಾಗಿ ಎಳೆದು ತರಿಯನ್ನು ತೆಗೆಯಿರಿ.

ಮಾಗಿದ ಟೊಮೆಟೊದ ಸಿಪ್ಪೆಯ ಮೇಲೆ ಚಾಕುವನ್ನು ಒತ್ತದೆ ಎಳೆಯಿರಿ. ಜಾರಿದರೆ ಮತ್ತೆ ಕಲ್ಲಿಗೆ. ಗರಗಸದಂಥ ಹಲ್ಲಿರುವ ಚಾಕುವನ್ನು ಮಾತ್ರ ಈ ಕಲ್ಲಿಗೆ ತಾಗಿಸಬೇಡಿ.