ಟೀಟನ್ ಕೌಂಟಿಯ ಸರಾಸರಿ ಆದಾಯ ನೋಡಿ ಸಂಬಳ ಒಪ್ಪಿಕೊಳ್ಳಬೇಡಿ

ವಯೋಮಿಂಗ್‌ನ ಜಾಕ್ಸನ್‌ನಲ್ಲಿ ಹೋಟೆಲ್ ಅಕೌಂಟೆಂಟ್ ಕೆಲಸ ಸಿಕ್ಕಿದೆ, ಅದಿರುವ ಟೀಟನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ತಲಾ ಆದಾಯ ಅಮೆರಿಕದಲ್ಲೇ ಮುಂಚೂಣಿಯಲ್ಲಿದೆಯಂತೆ, ಹೋಗಬಹುದೇ ಎಂದು ಕೇಳಿದ್ದೀರಿ. ಹೋಗಬಹುದು. ಆದರೆ ಅದನ್ನೇ ಅಲ್ಲಿನ ಸಂಬಳದ ಮಟ್ಟ ಎಂದುಕೊಂಡರೆ ಮೊದಲ ತಿಂಗಳ ಬಾಡಿಗೆಗೇ ಕಷ್ಟವಾಗುತ್ತದೆ.

2020ರ ಜನಗಣತಿಯಂತೆ ಅಲ್ಲಿರುವವರು 23,331 ಮಂದಿ. ವಯೋಮಿಂಗ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಹಾಗಾಗಿ ಬೇರೆ ರಾಜ್ಯಗಳ ಸಿರಿವಂತರು ವಿಳಾಸ ಅಲ್ಲಿಗೆ ಬದಲಿಸುತ್ತಾರೆ. ಅವರ ಡಿವಿಡೆಂಡು, ಬಡ್ಡಿ ಎಲ್ಲ ಕೌಂಟಿಯ ಲೆಕ್ಕಕ್ಕೆ ಸೇರುತ್ತದೆ. ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ತಲಾ 60,000 ಡಾಲರ್, ಒಂದಕ್ಕೆ 50 ಲಕ್ಷ ಡಾಲರ್ ಬಂದರೆ ಸರಾಸರಿ 5,54,000 ಆಗುತ್ತದೆ. ಆ ಒಂಬತ್ತು ಮನೆಯವರ ಕೈಗೆ ಒಂದು ಕಾಸೂ ಹೆಚ್ಚಿಗೆ ಬಂದಿರುವುದಿಲ್ಲ. ಬಾಡಿಗೆ ಮಾತ್ರ ಎಲ್ಲರಿಗೂ ಏರುತ್ತದೆ, ಏಕೆಂದರೆ ನೂರಕ್ಕೆ ಸುಮಾರು 97 ಭಾಗ ನೆಲ ಸರ್ಕಾರದ್ದು. ಮನೆ ಕಟ್ಟಲು ಜಾಗವೇ ಕಡಿಮೆ.

ನೀವೇ ಪರೀಕ್ಷಿಸಿ. ತೆರಿಗೆ ಇಲಾಖೆಯಾದ ಐಆರ್‌ಎಸ್, ಎರಡು ವರ್ಷಗಳ ರಿಟರ್ನ್‌ಗಳ ವಿಳಾಸ ಹೋಲಿಸಿ ಕೌಂಟಿವಾರು ವಲಸೆ ಪಟ್ಟಿ ಕೊಡುತ್ತದೆ: ಬಂದವರದು ಒಂದು ಫೈಲ್, ಹೋದವರದು ಇನ್ನೊಂದು. ರಾಜ್ಯ ಸಂಕೇತ 56, ಕೌಂಟಿ 039 ಹುಡುಕಿ. ಎಕ್ಸೆಲ್ ಮುಂದಿನ ಸೊನ್ನೆ ನುಂಗಿ 39 ಮಾಡುತ್ತದೆ, ಆ ಕಾಲಂ ಅನ್ನು ಟೆಕ್ಸ್ಟ್ ಆಗಿ ತೆರೆಯಿರಿ. ಉಳಿದ ಕಾಲಂಗಳಲ್ಲಿ ಎನ್1 ರಿಟರ್ನ್‌ಗಳ ಸಂಖ್ಯೆ, ಅಂದರೆ ಹೆಚ್ಚುಕಡಿಮೆ ಮನೆಗಳು, ಎನ್2 ಜನ, ಎಜಿಐ ಆದಾಯ, ಸಾವಿರ ಡಾಲರ್‌ಗಳಲ್ಲಿ. ಎಜಿಐಯನ್ನು 1,000ದಿಂದ ಗುಣಿಸಿ ಎನ್1ರಿಂದ ಭಾಗಿಸಿ. ಬಂದವರ ಮನೆಯೊಂದರ ಆದಾಯ ಹೋದವರದಕ್ಕಿಂತ ಬಹಳ ಹೆಚ್ಚಿದ್ದರೆ, ನಿಮ್ಮ ಬಾಡಿಗೆ ಪೈಪೋಟಿ ಯಾರೊಂದಿಗೆ ಎಂಬುದು ಗೊತ್ತಾಗುತ್ತದೆ. ಎಲ್ಲ ಸಾಲುಗಳನ್ನೂ ಕೂಡಬೇಡಿ: ಇನ್ನೊಂದು ಬದಿಯ ರಾಜ್ಯ ಸಂಕೇತದ ಜಾಗದಲ್ಲಿ 96 ಇರುವ ಸಾಲು ಒಟ್ಟು ಮೊತ್ತ, 97 ಮತ್ತು 98 ಇರುವ ಸಾಲುಗಳು ಅದರೊಳಗೇ ಇವೆ. ಒಂದು ಕೌಂಟಿಯಿಂದ ಇನ್ನೊಂದಕ್ಕೆ ಹೋದವರ ರಿಟರ್ನ್ 20ಕ್ಕಿಂತ ಕಡಿಮೆ ಇದ್ದರೆ ಅದನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ, ಹಳ್ಳಿಗಾಡಿನ ಕೌಂಟಿಯಲ್ಲಿ ಹೀಗೆ ಮರೆಯಾಗುವುದೇ ಬಹಳ. ಹಿಂದಿನ ವರ್ಷ ರಿಟರ್ನ್ ಇಲ್ಲದವರೂ ಲೆಕ್ಕಕ್ಕಿಲ್ಲ. ಬೆಂಗಳೂರಿನಿಂದ ನೇರವಾಗಿ ಬರುವ ನೀವೂ ಮೊದಲ ವರ್ಷ ಅದರಲ್ಲಿ ಇರುವುದಿಲ್ಲ.

ಜಾಕ್ಸನ್‌ನಲ್ಲಿ ದುಡಿಯುವ ಎಷ್ಟೋ ಜನ ಬೆಟ್ಟದಾಚೆ ಐಡಾಹೋದ ವಿಕ್ಟರ್, ಡ್ರಿಗ್ಸ್ ಊರುಗಳಲ್ಲಿದ್ದಾರೆ. ಅಲ್ಲಿ ಮನೆ ಹಿಡಿದರೆ ವಯೋಮಿಂಗ್ ಸಂಬಳಕ್ಕೂ ಐಡಾಹೋ ಆದಾಯ ತೆರಿಗೆ ಬೀಳುತ್ತದೆ. ಸಂಬಳದಲ್ಲಿ ಅದನ್ನು ಕಡಿತ ಮಾಡದಿದ್ದರೆ ರಿಟರ್ನ್ ಹಾಕುವಾಗ ಇಡೀ ಮೊತ್ತ ಒಟ್ಟಿಗೆ ಕಟ್ಟಬೇಕು. ಪ್ರತಿ ತಿಂಗಳೂ ಎತ್ತಿಡಿ. ದಾರಿ ಟೀಟನ್ ಪಾಸ್ ಮೇಲೆ, 8,431 ಅಡಿ ಎತ್ತರದಲ್ಲಿ. ಚಳಿಗಾಲದಲ್ಲಿ ಹಿಮಕುಸಿತದ ಭಯವಿದ್ದಾಗ ರಸ್ತೆ ಮುಚ್ಚುತ್ತಾರೆ. 2024ರ ಜೂನ್‌ನಲ್ಲಿ ರಸ್ತೆಯೇ ಕುಸಿದು ವಾರಗಟ್ಟಲೆ ಸುತ್ತುಹಾದಿ ಹಿಡಿಯಬೇಕಾಯಿತು. ಹಾಗಾಗಿ ಕೆಲಸದ ಪತ್ರಕ್ಕೆ ಸಹಿ ಹಾಕುವ ಮೊದಲು ಹೋಟೆಲಿನವರು ವಸತಿ ಕೊಡುತ್ತಾರೆಯೇ, ಬಾಡಿಗೆ ಎಷ್ಟು ಮುರಿದುಕೊಳ್ಳುತ್ತಾರೆ, ಕೆಲಸ ಬಿಟ್ಟರೆ ಎಷ್ಟು ದಿನದಲ್ಲಿ ಮನೆ ಖಾಲಿ ಮಾಡಬೇಕು, ಈ ಮೂರನ್ನೂ ಬರಹದಲ್ಲಿ ಪಡೆಯಿರಿ.